ಅಜ್ಜನ ಶಿಕಾರಿಯ ತಲೆ, ಕೊಂಬು, ಚರ್ಮ: ಯಾವುದನ್ನು ಉಳಿಸಬೇಕು, ಎಲ್ಲಿ ಇಡಬೇಕು?

ಪ್ರಶ್ನೆ: ನಮ್ಮದು ಸಕಲೇಶಪುರದ ಕಡೆಯ ಹಳೆಯ ತೊಟ್ಟಿ ಮನೆ, ಸುತ್ತ ಕಾಫಿ ತೋಟ. ಅಜ್ಜ 1940ರಿಂದ 60ರ ದಶಕದವರೆಗೆ ಶಿಕಾರಿ ಮಾಡಿದವರು. ತಂದೆ ಕಳೆದ ತಿಂಗಳು ತೀರಿಕೊಂಡರು. ಈಗ ಮನೆ ದುರಸ್ತಿ ಮಾಡಿಸುತ್ತಿದ್ದೇವೆ. ತಲೆಸಹಿತ ಇರುವ ಒಂದು ಹುಲಿ ಚರ್ಮ (ಹಿಂಬದಿಯ ಬಟ್ಟೆಯಲ್ಲಿ, ಸತ್ತ ಪ್ರಾಣಿಗಳ ಚರ್ಮವನ್ನು ಆಕಾರಕ್ಕೆ ಕಟ್ಟಿಕೊಡುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯ ಚೀಟಿ ಇದೆ), ಒಂದು ಕಾಟಿ (ಕಾಡುಕೋಣ) ತಲೆ, ಇಡಿಯಾಗಿ ನಿಲ್ಲಿಸಿದ ಒಂದು ಚಿರತೆ, ನಾಲ್ಕು ಜೊತೆ ಕಡವೆ ಕೊಂಬು, ಕಾಡುಕುರಿಯ ಎರಡು ಜೊತೆ ಸಣ್ಣ ಕೊಂಬು, ಟ್ರಂಕಿನಲ್ಲಿ ಸುತ್ತಿಟ್ಟ ಇನ್ನೊಂದು ಚಿರತೆ ಚರ್ಮ ಸಿಕ್ಕಿವೆ. ತಂದೆಯ ಹೆಸರಿನ ಒಡೆತನದ ಪ್ರಮಾಣಪತ್ರದಲ್ಲಿ ಹುಲಿ ಚರ್ಮ, ಕಾಟಿ ತಲೆ, ನಿಂತ ಚಿರತೆ, ಎರಡು ಜೊತೆ ಕಡವೆ ಕೊಂಬು ಮಾತ್ರ ನಮೂದಾಗಿವೆ. ಟ್ರಂಕಿನ ಚರ್ಮವನ್ನೂ ಉಳಿದ ಕೊಂಬುಗಳನ್ನೂ ಹೊಸದಾಗಿ ಕಟ್ಟಿಸಿ ಗೋಡೆಗೆ ಹಾಕಬೇಕೆಂದಿದ್ದೇನೆ. ಒಂದನ್ನೂ ತೆಗೆಯಬಾರದು ಎಂಬುದು ಚಿಕ್ಕಪ್ಪನ ಹಟ. ಒಂದೂ ಬೇಡ ಎಂದು ಮಕ್ಕಳು ಹೇಳುತ್ತಾರೆ. ಯಾವುದನ್ನು ಇಡಲಿ, ಹೇಗೆ ಜೋಡಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ‘ಕಳೆದ ತಿಂಗಳು’ ಎಂಬ ಮಾತು. ಗೋಡೆ, ಮೊಳೆ, ದೀಪಗಳ ವಿಚಾರವನ್ನು ಸ್ವಲ್ಪ ಬದಿಗಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2003ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಇಂಥ ವಸ್ತು ವಾರಸಿನಿಂದ ಬಂದರೆ 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಗೆ ಘೋಷಣೆ ಸಲ್ಲಿಸಬೇಕು. ಅದರಲ್ಲಿ ಒಂದು ತಿಂಗಳು ಈಗಾಗಲೇ ಕಳೆದಿದೆ. ತಂದೆಯ ಹೆಸರಿನ ಪ್ರಮಾಣಪತ್ರ ತಾನಾಗಿಯೇ ನಿಮ್ಮದಾಗುವುದಿಲ್ಲ. ಹಾಸನದ ಅರಣ್ಯ ವಿಭಾಗದ ಕಚೇರಿಯಲ್ಲಿ ಉಪ ಅರಣ್ಯ ಸಂರಕ್ಷಣಾಧಿಕಾರಿಯವರನ್ನು ಕಂಡು ಅರ್ಜಿಯ ಕ್ರಮ ತಿಳಿದುಕೊಳ್ಳಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಹಳೆಯ ಒಡೆತನದ ಪತ್ರ, ಪ್ರತಿ ವಸ್ತುವಿನ ಸ್ಪಷ್ಟ ಫೋಟೊ ಜೊತೆಗಿರಲಿ. ಕೊಟ್ಟಿದ್ದಕ್ಕೆ ಮೊಹರು ಹಾಕಿದ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಬರಬೇಡಿ.

ಪತ್ರದಲ್ಲಿ ಇಲ್ಲದ ವಸ್ತುಗಳ ವಿಷಯ ಇದಕ್ಕಿಂತ ಗಂಭೀರ. ಟ್ರಂಕಿನ ಚಿರತೆ ಚರ್ಮ, ಎರಡು ಜೊತೆ ಕಡವೆ ಕೊಂಬು, ಕಾಡುಕುರಿಯ ಕೊಂಬುಗಳನ್ನು ಘೋಷಣೆಯಿಂದ ಬಿಟ್ಟು ಸುಮ್ಮನಿರೋಣ ಎಂಬ ಆಲೋಚನೆ ಬಂದಿದ್ದರೆ ಇವತ್ತೇ ಕೈಬಿಡಿ. ಹುಲಿ, ಚಿರತೆ, ಕಾಟಿ ಮೂರೂ ಕಾಯ್ದೆಯ ಮೊದಲ ಅನುಸೂಚಿಯ, ಅಂದರೆ ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯ, ಪ್ರಾಣಿಗಳು. ಅವುಗಳ ಅಂಗಾಂಗವನ್ನು ಅಕ್ರಮವಾಗಿ ಇಟ್ಟುಕೊಂಡ ಅಪರಾಧಕ್ಕೆ ಮೂರರಿಂದ ಏಳು ವರ್ಷ ಸೆರೆವಾಸ, ಜೊತೆಗೆ ದಂಡ. ಕಡವೆ ಕೊಂಬು ಮಲೆನಾಡಿನ ಮನೆಮನೆಯಲ್ಲೂ ಇರುತ್ತದೆ, ಅದನ್ನು ಯಾರು ಕೇಳುತ್ತಾರೆ ಎನ್ನುವವರು ನಿಮಗೆ ಬೇಕಾದಷ್ಟು ಸಿಗುತ್ತಾರೆ. ಕಾಯ್ದೆಯಲ್ಲಿ ಟ್ರೋಫಿ ಎಂದರೆ ಚರ್ಮವಷ್ಟೇ ಅಲ್ಲ. ಕೊಂಬು, ಮೂಳೆ, ಉಗುರು, ಹಲ್ಲು, ಕೂದಲು, ಗರಿ ಎಲ್ಲವೂ ಅದರಲ್ಲಿ ಸೇರುತ್ತವೆ. ಕಾಡಿನಲ್ಲಿ ತಾನಾಗಿ ಉದುರಿ ಸಿಕ್ಕ ಕೊಂಬೂ ಸರ್ಕಾರದ ಆಸ್ತಿಯೇ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಪದಕಗಳ ಪ್ರಕರಣ ಎದ್ದು ರಾಜ್ಯದಲ್ಲಿ ಎಷ್ಟು ಮನೆಗಳ ಬಾಗಿಲು ತಟ್ಟಿದರೆಂಬುದು ನಿಮಗೆ ನೆನಪಿರಬಹುದು. ಅದಾದ ಮೇಲೆ 2024ರ ಆರಂಭದಲ್ಲಿ, ದಾಖಲೆಯಿಲ್ಲದ ವಸ್ತುಗಳನ್ನು ಒಪ್ಪಿಸಲು ಸರ್ಕಾರ ಮೂರು ತಿಂಗಳ ಅವಕಾಶ ಪ್ರಕಟಿಸಿತ್ತು. ಮತ್ತೊಂದು ಅವಕಾಶ ಬರಬಹುದೆಂದು ಕಾದು ಕೂರುವುದು ಜಾಣತನವಲ್ಲ. ವನ್ಯಜೀವಿ ಪ್ರಕರಣಗಳನ್ನು ಬಲ್ಲ ವಕೀಲರೊಬ್ಬರನ್ನು ಕಂಡು, ತಂದೆಯ ಮರಣದ ನಂತರ ಟ್ರಂಕು ತೆರೆದಾಗ ಇವು ಸಿಕ್ಕವು ಎಂಬ ನಿಜಸಂಗತಿಯನ್ನು ಅವರ ಮೂಲಕ ಲಿಖಿತವಾಗಿ ಇಲಾಖೆಗೆ ತಿಳಿಸಿ. ವಸ್ತು ಕಾನೂನುಬದ್ಧವಾಗಿ ಮನೆ ಸೇರಿತ್ತೇ ಎಂಬ ವಿಚಾರಣೆ ನಡೆಸುವುದು, ಪ್ರಮಾಣಪತ್ರ ಕೊಡುವುದು ಅಥವಾ ಬಿಡುವುದು ಅವರಿಗೆ ಬಿಟ್ಟದ್ದು. ಇವುಗಳನ್ನು ಉಳಿಸಿಕೊಳ್ಳುವ ಆಸೆ ಇಟ್ಟುಕೊಳ್ಳದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ರಗಳೆಯೇ ಬೇಡವೆಂದು ರಾತ್ರೋರಾತ್ರಿ ತೋಟದಲ್ಲಿ ಹೂಳುವುದು, ಬಚ್ಚಲ ಒಲೆಗೆ ಹಾಕುವುದು ಇನ್ನೂ ಕೆಟ್ಟದ್ದು. ಕಾನೂನಿನ ಮಾತು ಒತ್ತಟ್ಟಿಗಿರಲಿ, ಆ ಕಾಲದ ಚರ್ಮಗಳನ್ನು ಹುಳ ತಿನ್ನದಂತೆ ಆರ್ಸೆನಿಕ್ ಬೆರೆಸಿದ ಸಾಬೂನು ಸವರಿ ಹದ ಮಾಡುತ್ತಿದ್ದರು. ಬೆಂಕಿಗೆ ಹಾಕಿದರೆ ಆರ್ಸೆನಿಕ್ ಹೊಗೆಯಾಗಿ ಮನೆಯೆಲ್ಲ ತುಂಬುತ್ತದೆ. ನೆಲದಲ್ಲಿ ಹೂತರೆ ಅದು ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ಅಲ್ಲೇ ಉಳಿಯುತ್ತದೆ.

ಈ ಆರ್ಸೆನಿಕ್ ವಿಷಯವನ್ನು ಇನ್ನೊಂದಿಷ್ಟು ಹೇಳಲೇಬೇಕು. ಮನೆಯವರು ಇಂಥ ಚರ್ಮಗಳನ್ನು ಬರಿಗೈಯಲ್ಲಿ ಕೊಡವಿ, ಬಿಸಿಲಿಗೆ ಹರಡಿ, ಮಕ್ಕಳನ್ನು ಅದರ ಮೇಲೆ ಕೂರಿಸಿ ಫೋಟೊ ತೆಗೆಯುವುದನ್ನು ಕಂಡಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ. ಕಣ್ಣಿನ ಸುತ್ತ, ಕಿವಿಯ ಬುಡದಲ್ಲಿ, ಹೊಲಿಗೆಯ ಗೆರೆಯಲ್ಲಿ ಬಿಳಿ ಪುಡಿ ಕಂಡರೆ ಅದು ಆರ್ಸೆನಿಕ್ ಇರಬಹುದು. ಪುಡಿ ಕಾಣದಿದ್ದರೂ ಇಲ್ಲವೆಂದು ಹೇಳಲಾಗದು. ಕೆಲವಕ್ಕೆ ಪಾದರಸದ ಲವಣವನ್ನೂ ನಂತರದ ವರ್ಷಗಳಲ್ಲಿ ಡಿಡಿಟಿಯನ್ನೂ ಬಳಿಯುತ್ತಿದ್ದರು. ವಸ್ತುಸಂಗ್ರಹಾಲಯಗಳಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್‌-ರೇ ಉಪಕರಣದಿಂದ ಇದನ್ನು ಪರೀಕ್ಷಿಸುತ್ತಾರೆ. ಪರೀಕ್ಷೆ ಆಗುವವರೆಗೆ ಎಲ್ಲದರಲ್ಲೂ ವಿಷವಿದೆ ಎಂದೇ ನಡೆದುಕೊಳ್ಳಿ. ನೈಟ್ರೈಲ್ ಕೈಗವಸು ಮತ್ತು ಎನ್-95 ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಮುಟ್ಟಿದ ಮೇಲೆ ತೊಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಮನೆಯ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಹಚ್ಚಿದರೆ ದೂಳು ಹಿಂಬದಿಯಿಂದ ಕೋಣೆಗೇ ಮರಳುತ್ತದೆ. ಸೂಕ್ಷ್ಮ ಕಣಗಳನ್ನು ಹಿಡಿದಿಡುವ ಹೆಪಾ ಫಿಲ್ಟರ್ ಇರುವ ಯಂತ್ರವನ್ನಷ್ಟೇ ಬಳಸಿ. ದುರಸ್ತಿ ಕೆಲಸಕ್ಕೆ ಬರುವ ಗಾರೆಯವರಿಗೂ ಬಡಗಿಗೂ ಇದನ್ನು ಹೇಳಿಡಿ. ಪಾಪ, ಅವರೇ ಮೊದಲು ಮುಟ್ಟುವವರು.

ಈಗ ಆಯ್ಕೆಯ ಮಾತಿಗೆ ಬರೋಣ. ಹಳೆಯ ಶಿಕಾರಿಗಳು ಕೊಂಬನ್ನು ಇಂಚಿನಲ್ಲಿ ಅಳೆಯುತ್ತಿದ್ದರು. ಉದ್ದದ್ದು ಗೋಡೆಗೆ, ಗಿಡ್ಡದ್ದು ಅಟ್ಟಕ್ಕೆ. ನೀವು ಆ ಅಳತೆಯನ್ನು ಬಿಡಿ ಎಂದು ಕೇಳಿಕೊಳ್ಳುತ್ತೇನೆ. ಯಾವ ಪ್ರಾಣಿಯ ಬಗ್ಗೆ ಎಲ್ಲಿ ಸತ್ತಿತು, ಯಾವ ವರ್ಷ, ಯಾರ ಕೈಯಲ್ಲಿ ಎಂದು ಆಧಾರ ಇಟ್ಟುಕೊಂಡು ಹೇಳಬಲ್ಲಿರೋ ಅದು ಉಳಿಸಲು ಯೋಗ್ಯ. ಊರಿನ ಹೆಸರೂ ವರ್ಷವೂ ಗೊತ್ತಿರುವ ಗಿಡ್ಡ ಕೊಂಬು, ಏನೂ ಗೊತ್ತಿಲ್ಲದ ಉದ್ದ ಕೊಂಬಿಗಿಂತ ಎಷ್ಟೋ ಪಾಲು ಹೆಚ್ಚು ಬೆಲೆಯುಳ್ಳದ್ದು. ಬೆಲೆ ಎಂದಾಗ ನಾನು ಹಣದ ಮಾತಾಡುತ್ತಿಲ್ಲ. ಮಾರುವುದು, ಮಾರಾಟಕ್ಕಿದೆ ಎಂದು ಹೇಳುವುದು ಎರಡೂ ಅಪರಾಧ.

ಊರು, ವರ್ಷಗಳಿಗೆ ಇಷ್ಟು ತೂಕ ಏಕೆ ಎನ್ನುತ್ತೀರಾ? ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬ್ರಿಟನ್ನಿನ ವಸ್ತುಸಂಗ್ರಹಾಲಯಗಳಲ್ಲಿದ್ದ, ಶಿಕಾರಿಯ ಕಾಲದ ಭಾರತೀಯ ಹುಲಿಗಳ ಮಾದರಿಗಳಿಂದ ಡಿಎನ್‌ಎ ತೆಗೆದು ಇಂದಿನ ಹುಲಿಗಳ ಡಿಎನ್‌ಎ ಜೊತೆ ಹೋಲಿಸಿದರು. ತಾಯಿಯ ಕಡೆಯಿಂದ ಬರುವ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ ಅಂದು ಇದ್ದ ಬಗೆಗಳಲ್ಲಿ ಶೇ 93ರಷ್ಟು ಇಂದಿನ ಹುಲಿಗಳಲ್ಲಿ ಕಾಣಲಿಲ್ಲ. ಎಷ್ಟನ್ನು ಕಳೆದುಕೊಂಡಿದ್ದೇವೆ ಎಂಬ ಲೆಕ್ಕ ಸಿಕ್ಕಿದ್ದು ಹಳೆಯ ಚರ್ಮ, ಮೂಳೆಗಳಿಂದ. ಮಾದರಿ ಯಾವ ಸೀಮೆಯದು, ಯಾವ ಕಾಲದ್ದು ಎಂದು ಗೊತ್ತಿದ್ದರೆ ಮಾತ್ರ ಇಂಥ ಕೆಲಸ ಸಾಧ್ಯ. ನಿಮ್ಮ ಅಜ್ಜ ಹುಲಿ ಹೊಡೆದ ಕಾಡು ಈಗ ತೋಟವೋ ಜಲಾಶಯವೋ ಆಗಿರಬಹುದು. ಅಲ್ಲಿ ಹುಲಿಯಿತ್ತು ಎಂಬುದಕ್ಕೆ ಆ ಚರ್ಮವೇ ಸಾಕ್ಷಿ.

ಹುಲಿ ಚರ್ಮವನ್ನು ಉಳಿಸಿ. ಅದಕ್ಕೆ ಪ್ರಮಾಣಪತ್ರವಿದೆ, ವ್ಯಾನ್ ಇಂಗೆನ್ ಚೀಟಿಯೂ ಇದೆ. 1900ರ ಸುಮಾರಿಗೆ ಮೈಸೂರಿನಲ್ಲಿ ಯೂಜಿನ್ ವ್ಯಾನ್ ಇಂಗೆನ್ ಶುರುಮಾಡಿ, ಆಮೇಲೆ ಅವರ ಮಕ್ಕಳು ನಡೆಸಿ, 1999ರಲ್ಲಿ ಮುಚ್ಚಿದ ಕಾರ್ಖಾನೆ ಅದು. ಅಲ್ಲಿ ಕೆಲಸ ಮುಗಿದು ಹೊರಟ ಹುಲಿ, ಚಿರತೆಗಳು ಸುಮಾರು 43,000 ಎಂಬ ಅಂದಾಜಿದೆ. ಆ ಸಂಖ್ಯೆಯನ್ನು ಓದಿದಾಗ ಅವರ ಕೈಚಳಕದ ಬಗ್ಗೆ ಮೆಚ್ಚುಗೆ, ಕಾಡಿನ ಬಗ್ಗೆ ಸಂಕಟ ಎರಡೂ ನನಗೆ ಒಟ್ಟಿಗೇ ಬರುತ್ತವೆ. ಅಚ್ಚಿನಲ್ಲಿ ಕಾಗದದ ರದ್ದಿಯಿಂದ ತಲೆ, ಮೈಗಳ ಆಕಾರ ಎರಕ ಹೊಯ್ದು ಅದರ ಮೇಲೆ ಚರ್ಮ ಹೊದಿಸುತ್ತಿದ್ದರು. ಹಾಗಾಗಿ ಅವರ ಕೆಲಸ ಇಷ್ಟು ವರ್ಷಗಳ ನಂತರವೂ ಆಕಾರ ಕೆಡದೆ ನಿಂತಿದೆ. ಹಿಂಬದಿಯ ಬಟ್ಟೆ ಹರಿದಿದ್ದರೂ ಬದಲಾಯಿಸಬೇಡಿ. ಚೀಟಿ, ಅದರ ಮೇಲೆ ಅಥವಾ ಚರ್ಮದ ಮೇಲೆ ಬರೆದ ಅಂಕಿ, ಅರಣ್ಯ ಇಲಾಖೆ ಹಾಕಿದ ಗುರುತು ಯಾವುದೂ ಅಳಿಯಬಾರದು.

ಒಂದು ಕೆಲಸ ಮರೆಯದೆ ಮಾಡಿ: ಆ ಚರ್ಮದ ಉಗುರುಗಳನ್ನು ಎಣಿಸಿ. ಹುಲಿಗೆ ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು ಹದಿನೆಂಟು. ಮಗುವಿನ ಸರಕ್ಕೆಂದು, ನೆಂಟರಿಗೆಂದು ಹಿಂದಿನವರು ಒಂದೆರಡನ್ನು ಕಿತ್ತುಕೊಟ್ಟಿರುವುದು ಸಾಮಾನ್ಯ. ಕಡಿಮೆ ಇದ್ದರೆ ಎಷ್ಟು ಕಡಿಮೆ, ಎಷ್ಟು ಹಿಂದಿನಿಂದ ಎಂಬುದನ್ನು ಘೋಷಣೆಯಲ್ಲೇ ಬರೆಯಿರಿ. ಮುಂದೊಂದು ದಿನ ತಪಾಸಣೆ ನಡೆದಾಗ ನಿಮ್ಮ ಕಾಲದಲ್ಲಿ ಹೋದದ್ದೆಂದು ಯಾರೂ ಹೇಳದಂತಾಗುತ್ತದೆ.

ಕಾಟಿ ತಲೆಯನ್ನೂ ಇಡಬಹುದು, ಗಟ್ಟಿಯಿದ್ದರೆ ಮಾತ್ರ. ಕಾಟಿ ಕೊಂಬಿಗೂ ಕಡವೆ ಕೊಂಬಿಗೂ ಬಹಳ ವ್ಯತ್ಯಾಸ. ಕಡವೆಯದು ಶುದ್ಧ ಮೂಳೆ, ಕಾಲಕಾಲಕ್ಕೆ ಉದುರಿ ಮತ್ತೆ ಬೆಳೆಯುವಂಥದ್ದು. ಒಣಗಿದ ಮೇಲೆ ಹುಳಕ್ಕೆ ಅದರಲ್ಲಿ ತಿನ್ನಲು ಹೆಚ್ಚೇನೂ ಸಿಗುವುದಿಲ್ಲ. ಕಾಟಿಯದು ಮೂಳೆಯ ಗೂಟದ ಮೇಲೆ ನಮ್ಮ ಉಗುರಿನ ಜಾತಿಯ ಪದಾರ್ಥದ ಕವಚ. ಪತಂಗದ ಮರಿಗಳಿಗೂ ಚರ್ಮದ ಜೀರುಂಡೆಗಳಿಗೂ ಅದು ಹಬ್ಬದೂಟ. ಕೊಂಬಿನ ಬುಡವನ್ನು ಟಾರ್ಚ್ ಹಿಡಿದು ನೋಡಿ. ಸಣ್ಣ ತೂತು, ಮರಳಿನಂಥ ಪುಡಿ, ಜೀರುಂಡೆ ಮರಿ ಕಳಚಿದ ಕಂದು ಪೊರೆ ಕಂಡರೆ ಹುಳ ಹಿಡಿದಿದೆ. ಆ ತಲೆಯನ್ನು ಉಳಿದವುಗಳಿಂದ ಅಂದೇ ದೂರ ಮಾಡಿ ಪಾಲಿಥೀನ್ ಹಾಳೆಯಲ್ಲಿ ಸುತ್ತಿಡಿ.

ನಿಂತ ಚಿರತೆಯದ್ದು ಕಷ್ಟದ ಪ್ರಶ್ನೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಚರ್ಮ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹತ್ತಾರು ವರ್ಷ ಹೀಗಾದರೆ ತುಟಿ, ಕಣ್ಣಂಚು, ಕಿವಿ, ಹೊಟ್ಟೆಯ ಹೊಲಿಗೆಗಳಲ್ಲಿ ಬಿರುಕು ಬಿಡುತ್ತದೆ. ಕೂದಲನ್ನು ಮೆಲ್ಲಗೆ ಎಳೆದಾಗ ಬುಡಸಹಿತ ಗೊಂಚಲಾಗಿ ಕೈಗೆ ಬಂದರೆ ಚರ್ಮವೇ ಕೊಳೆತಿದೆ ಎಂದರ್ಥ. ಆಗ ಅದನ್ನು ಯಾರೂ ಹಿಂದಕ್ಕೆ ತರಲಾರರು, ಬಿಟ್ಟುಕೊಡುವುದೇ ಸರಿ. 2022ರ ತಿದ್ದುಪಡಿಯ ಪ್ರಕಾರ ಪ್ರಮಾಣಪತ್ರ ಇರುವವರು ಏಳು ಕೆಲಸದ ದಿನಗಳ ಮುಂಚಿತ ಸೂಚನೆ ಕೊಟ್ಟು ವಸ್ತುವನ್ನು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಸ್ವಇಚ್ಛೆಯಿಂದ ಒಪ್ಪಿಸಬಹುದು. ಪರಿಹಾರ ಸಿಗುವುದಿಲ್ಲ, ಹೊಣೆ ಇಳಿಯುತ್ತದೆ. ಬಿರುಕು ಸಣ್ಣದಾಗಿದ್ದರೆ ಸಂರಕ್ಷಣಾ ತಜ್ಞರು ತೆಳು ಜಪಾನಿ ಕಾಗದ ಮತ್ತು ಮುಂದೆ ಬೇಕೆಂದರೆ ಬಿಡಿಸಬಹುದಾದ ಅಂಟಿನಿಂದ ಮುಚ್ಚುತ್ತಾರೆ. ಫೆವಿಕಾಲ್, ಎಂ-ಸೀಲ್, ಬಣ್ಣದ ಡಬ್ಬಿ ಹಿಡಿದು ನೀವೇ ಕೂರಬೇಡಿ. ಅಂಟು ಒಣಗಿ ಬಿಗಿದಾಗ ಪಕ್ಕದ ಚರ್ಮ ಹೊಸದಾಗಿ ಹರಿಯುತ್ತದೆ.

ಟ್ರಂಕಿನ ಚರ್ಮವನ್ನೂ ಕೊಂಬುಗಳನ್ನೂ ಹೊಸದಾಗಿ ಕಟ್ಟಿಸುವ ಆಸೆಯನ್ನು ಪೂರ್ತಿ ಬಿಡಿ. ಪ್ರಮಾಣಪತ್ರವಿಲ್ಲದ ವಸ್ತುವನ್ನು ಕಟ್ಟಿಸುವ ಪ್ರಶ್ನೆಯೇ ಏಳುವುದಿಲ್ಲ. ಪತ್ರವಿದ್ದರೂ, ಪರವಾನಗಿಯಿಲ್ಲದೆ ಟ್ಯಾಕ್ಸಿಡರ್ಮಿ, ಅಂದರೆ ಸತ್ತ ಪ್ರಾಣಿಯ ಚರ್ಮವನ್ನು ಆಕಾರಕ್ಕೆ ಕಟ್ಟುವ, ವೃತ್ತಿ ನಡೆಸುವುದನ್ನು ಕಾಯ್ದೆ ತಡೆಯುತ್ತದೆ. ಮನೆಗೇ ಬಂದು ಮಾಡಿಕೊಡುತ್ತೇನೆ ಎನ್ನುವವನನ್ನು ಒಳಗೆ ಬಿಟ್ಟರೆ ಇಬ್ಬರೂ ಸಿಕ್ಕಿಬೀಳುತ್ತೀರಿ. ಮುಂಬೈಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2009ರಲ್ಲಿ ಆರಂಭವಾದ ವನ್ಯಜೀವಿ ಟ್ಯಾಕ್ಸಿಡರ್ಮಿ ಕೇಂದ್ರವಿದೆ, ನಿಜ. ಮೃಗಾಲಯಗಳಲ್ಲಿ ಸಹಜವಾಗಿ ಸತ್ತ ಪ್ರಾಣಿಗಳನ್ನು ಶಿಕ್ಷಣಕ್ಕಾಗಿ ಸಂರಕ್ಷಿಸುವುದು ಅಲ್ಲಿಯ ಕೆಲಸ. ಇನ್ನು ಒಣಗಿ ಸೆಟೆದ ಹಳೆಯ ಚರ್ಮವನ್ನು ನೆನೆಸಿ ಹಿಗ್ಗಿಸಿ ಆಕಾರಕ್ಕೆ ತರುವುದು ಕಲೆಯ ದೃಷ್ಟಿಯಿಂದಲೂ ವ್ಯರ್ಥ ಸಾಹಸ. ನೆನೆಯುತ್ತಿರುವಾಗಲೇ ಅದು ಚಿಂದಿಯಾಗಬಹುದು.

ಹಾಗಾದರೆ ಗೋಡೆಗೆ ಉಳಿಯುವುದು ಹುಲಿ ಚರ್ಮ, ಕಾಟಿ ತಲೆ, ಪ್ರಮಾಣಪತ್ರದ ಎರಡು ಜೊತೆ ಕಡವೆ ಕೊಂಬು, ಆರೋಗ್ಯವಾಗಿದ್ದರೆ ಚಿರತೆ. ಇದೇ ಹೆಚ್ಚು. ಎಲ್ಲವನ್ನೂ ಒಂದೇ ಗೋಡೆಗೆ ತುಂಬಬೇಡಿ. ಹಳೆಯ ಬಂಗಲೆಗಳಲ್ಲಿ ನೆಲದಿಂದ ಸೂರಿನವರೆಗೆ ಕೊಂಬು ಜೋಡಿಸಿದ ಗೋಡೆ ನೋಡಿದರೆ ಯಾವ ಪ್ರಾಣಿಯೂ ಕಣ್ಣಿಗೆ ಬೀಳುವುದಿಲ್ಲ, ಹೊಡೆದವರ ಲೆಕ್ಕ ಮಾತ್ರ ಕಾಣುತ್ತದೆ.

ಜಾಗದ ಆಯ್ಕೆಯಲ್ಲಿ ತೊಟ್ಟಿ ಮನೆಯವರು ಮಾಡುವುದು ಹೆಚ್ಚಾಗಿ ಒಂದೇ: ಜಗುಲಿ ಅಥವಾ ತೊಟ್ಟಿಯ ಸುತ್ತಲಿನ ಗೋಡೆ. ಎರಡೂ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಎರಚಲು, ಮಂಜು, ಬೂಷ್ಟು. ಅಡುಗೆಮನೆಗೆ ತಾಗಿದ ಗೋಡೆಯೂ ಬೇಡ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗಿದ್ದಕ್ಕೆ ಹುಳ ಬರುವುದಿಲ್ಲ ಎಂದು ಹಿರಿಯರು ಹೇಳುವುದು ಕಾಳುಕಡ್ಡಿಯ ಮಟ್ಟಿಗೆ ಸತ್ಯ. ಕೂದಲಿಗೆ ಮಸಿ, ಜಿಡ್ಡು ಕೂತರೆ ತೆಗೆಯುವ ದಾರಿಯಿಲ್ಲ. ಮನೆಯ ಒಳಭಾಗದ, ಹೊರಗಿನ ಮಳೆಗೆ ಒಡ್ಡಿಕೊಳ್ಳದ ಗೋಡೆ, ಬಾಗಿಲು ಹಾಕಬಹುದಾದ ಕೋಣೆ ಆರಿಸಿ. ಗೋಡೆಗೂ ವಸ್ತುವಿಗೂ ನಡುವೆ ಎರಡು ಬೆರಳಿನಷ್ಟಾದರೂ ಸಂದು ಬಿಟ್ಟು ಗಾಳಿಯಾಡಲು ಬಿಡಿ. ತೇವಾಂಶ ಶೇ 45ರಿಂದ 55ರ ನಡುವೆ ಇರಬೇಕೆಂದು ಸಂಗ್ರಹಾಲಯದವರು ಬಯಸುತ್ತಾರೆ. ಸಕಲೇಶಪುರದ ಜುಲೈಯಲ್ಲಿ ಅದು ಕನಸಿನ ಮಾತು. ಶೇ 65 ದಾಟದಂತೆ ನೋಡಿಕೊಂಡರೆ ಬೂಷ್ಟಿನ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಒಂದು ತೇವಮಾಪಕ, ಮಳೆಗಾಲಕ್ಕೆ ಒಂದು ಡಿಹ್ಯೂಮಿಡಿಫೈಯರ್ ಇದ್ದರೆ ಸಾಕು. ವಿದ್ಯುತ್ ಹೋದಾಗ ಕಿಟಕಿ ತೆರೆದು ಗಾಳಿ ಬಿಡುವ ಅಭ್ಯಾಸ ಒಳ್ಳೆಯದಲ್ಲ, ಹೊರಗಿನ ಗಾಳಿಯೇ ಒದ್ದೆ.

ಬೆಳಕಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಹುಲಿಯ ಕೆಂಬಣ್ಣ ಬಿಸಿಲಿಗೆ ಮಾಸಿ ಕೊಳಕು ಹಳದಿಯಾದರೆ ಮತ್ತೆ ಬರುವುದಿಲ್ಲ. ನೇರ ಬಿಸಿಲು ಬೀಳಬಾರದು, ಹತ್ತಿರದಿಂದ ಕಾಯಿಸುವ ಫೋಕಸ್ ದೀಪವೂ ಬೇಡ. ಮಂದ ಎಲ್‌ಇಡಿ, ಜನ ಇದ್ದಾಗ ಮಾತ್ರ. ಸುಮಾರು 50 ಲಕ್ಸ್ (ಬೆಳಕಿನ ಅಳತೆ) ಸಾಕು. ಅಷ್ಟು ಬೆಳಕಿಗೆ ಕಣ್ಣು ಒಗ್ಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಆಮೇಲೆ ಪಟ್ಟೆಗಳೆಲ್ಲ ಚೆನ್ನಾಗಿಯೇ ಕಾಣುತ್ತವೆ.

ಹುಲಿ ಚರ್ಮವನ್ನು ನೆಲಕ್ಕೆ ಹಾಸಬೇಡಿ, ಸೋಫಾಕ್ಕೆ ಹೊದಿಸಬೇಡಿ, ಮೊಳೆ ಹೊಡೆದು ನೇತುಹಾಕಲೂಬೇಡಿ. ನೇತುಹಾಕಿದರೆ ತಲೆಯ ಭಾರಕ್ಕೆ ಕುತ್ತಿಗೆ ಹರಿಯುತ್ತದೆ. ಓರೆಯಾಗಿ ನಿಲ್ಲಿಸಿದ ಹಲಗೆಯ ಮೇಲೆ ಶುದ್ಧ ಹತ್ತಿ ಬಟ್ಟೆ ಹಾಸಿ, ತಲೆಗೆ ಕೆಳಗಿನಿಂದ ಆಸರೆ ಕೊಟ್ಟು ಮಲಗಿಸಿ, ಮುಂದೆ ಗಾಜು ಹಾಕಿಸಿ. ಗಾಜಿನಿಂದ ದೂಳು, ಹುಳ, ಮಕ್ಕಳ ಕೈ ಮೂರೂ ದೂರವಾಗುತ್ತವೆ. ಕಾಟಿ ತಲೆ ಒಬ್ಬರಿಂದ ಎತ್ತಲಾಗದಷ್ಟು ಭಾರ. ಹಳೆಯ ಮಣ್ಣಿನ ಗೋಡೆಗೆ ಬರಿಯ ಮೊಳೆ ನಂಬಬೇಡಿ. ಮರದ ಕಂಬದಿಂದ ಕಂಬಕ್ಕೆ ಅಡ್ಡಪಟ್ಟಿ ಕೊಟ್ಟು ಬೋಲ್ಟಿನಿಂದ ಬಿಗಿಸಿ. ಓಡಾಡುವ ದಾರಿಗೆ ಕೊಂಬಿನ ತುದಿ ಚಾಚದಿರಲಿ. ಅದರ ಕಣ್ಣು ನಿಮ್ಮ ಕಣ್ಣಿಗಿಂತ ತುಸು ಮೇಲಿದ್ದರೆ ಸಾಕು. ಸೂರಿಗೆ ಏರಿಸಿದರೆ ನೋಡುವವರಿಗೆ ಗದ್ದ ಮಾತ್ರ ಕಾಣುತ್ತದೆ, ದೂಳು ತೆಗೆಯಲು ಯಾರೂ ಏಣಿ ಹತ್ತುವುದಿಲ್ಲ.

ದೂಳು ತೆಗೆಯುವಾಗ ಮೆತ್ತನೆಯ ಕುಂಚದಿಂದ ಕೂದಲು ಒರಗಿದ ದಿಕ್ಕಿಗೇ ಸವರಿ, ಹೆಪಾ ಯಂತ್ರದ ಬಾಯಿಗೆ ತಳ್ಳಿ. ಗಾಜಿನ ಕಣ್ಣಿಗೆ ತುಸು ಒದ್ದೆ ಹತ್ತಿ ಸಾಕು. ಕೊಬ್ಬರಿ ಎಣ್ಣೆ, ಬೇವಿನ ಎಣ್ಣೆ, ಸೀಮೆಎಣ್ಣೆ, ಪಾಲಿಶ್ ಯಾವುದೂ ಹತ್ತಿರ ಬರಬಾರದು. ಹೊಳಪು ಎರಡು ದಿನ, ಜಿಡ್ಡು ಶಾಶ್ವತ. ನುಸಿಗುಳಿಗೆಯ ವಾಸನೆ ಮನೆಯವರಿಗೇ ಹಾನಿ, ಒಳಗೆ ಕೊರೆಯುವ ಮರಿಗಳನ್ನು ಅದು ಕೊಲ್ಲುತ್ತದೆಂದು ನಂಬುವಂತಿಲ್ಲ. ಸಣ್ಣ ವಸ್ತುಗಳಿಗೆ ಹುಳ ಹಿಡಿದರೆ ಗಾಳಿಯಾಡದಂತೆ ಪಾಲಿಥೀನ್ ಚೀಲದಲ್ಲಿ ಮುಚ್ಚಿ, ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ತಿನ್ನುವ ಪದಾರ್ಥ ಇಡುವ ಫ್ರೀಜರ್ ಆಗಿರಬಾರದು. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಕೂದಲಿನ ಮೇಲೆ ನೀರು ಕಟ್ಟುತ್ತದೆ.

ಪ್ರತಿ ವಸ್ತುವಿನ ಪಕ್ಕದಲ್ಲಿ ಒಂದು ಫಲಕ ಹಾಕಿಸಿ. ಪ್ರಾಣಿಯ ಹೆಸರು, ಸತ್ತ ಜಾಗ, ವರ್ಷ, ಹೊಡೆದವರು, ಪ್ರಮಾಣಪತ್ರದ ಸಂಖ್ಯೆ. ಕೋವಿ ಹಿಡಿದವರ ಹೆಸರಿನ ಕೆಳಗೆ ಅಂದು ಕಾಡು ಸೋಹಿ ಪ್ರಾಣಿಯನ್ನು ಎಬ್ಬಿಸಿದವರ, ಹೊತ್ತು ತಂದವರ ಹೆಸರೂ ಇರಲಿ. ಎಷ್ಟೋ ಮನೆಗಳ ಗೋಡೆಗಳಲ್ಲಿ ಅವರ ಸುಳಿವೇ ಇಲ್ಲ. ಇಂದು ಆ ಪ್ರಾಣಿಯ ಸ್ಥಿತಿ ಏನು, ಶಿಕಾರಿ ಯಾವಾಗ ನಿಂತಿತು ಎಂಬುದನ್ನೂ ಎರಡು ಸಾಲು ಬರೆಸಿ. 1970ರಲ್ಲಿ ದೇಶದಾದ್ಯಂತ ಹುಲಿ ಬೇಟೆ ನಿಷೇಧವಾಯಿತು, ಎರಡು ವರ್ಷಕ್ಕೆ ಕಾಯ್ದೆ ಬಂತು. ಅಜ್ಜ ಬೇಟೆಯಾಡಿದ ಕಾಲದ ಕಾನೂನು ಬೇರೆ, ನಿಮ್ಮ ಮಕ್ಕಳು ಬೆಳೆಯುತ್ತಿರುವ ಕಾಲದ ತಿಳಿವಳಿಕೆ ಬೇರೆ. ಮಕ್ಕಳ ಅಸಮಾಧಾನ ನನಗೆ ನ್ಯಾಯವಾಗಿಯೇ ತೋರುತ್ತದೆ. ಫಲಕದ ಬರಹವನ್ನು ಅವರಿಂದಲೇ ಬರೆಸಿ ನೋಡಿ. ಕೋಣೆಗೆ ಬಾಗಿಲಿದ್ದರೆ ದಿನವೂ ನೋಡಬೇಕಾದ ಕಟ್ಟುಪಾಡೂ ಅವರಿಗಿರುವುದಿಲ್ಲ.

ಚಿಕ್ಕಪ್ಪನವರ ಮಾತು ಬೇರೆ. ಅವರ ಹಟದ ಹಿಂದೆ ಅಣ್ಣನನ್ನು ಕಳೆದುಕೊಂಡ ನೋವೂ ಇರಬಹುದು. ಅವರನ್ನು ಸಮಾಧಾನ ಮಾಡಲೆಂದು ಕಾಟಿ ತಲೆಯನ್ನೋ ಚಿರತೆಯನ್ನೋ ಅವರ ಮನೆಗೆ ಕಳುಹಿಸಬೇಡಿ. ಮೊದಲ ಅನುಸೂಚಿಯ ಪ್ರಾಣಿಗಳ ಟ್ರೋಫಿಯನ್ನು ಪ್ರಮಾಣಪತ್ರವಿಲ್ಲದವರು ವಾರಸಿನಿಂದಲ್ಲದೆ, ಉಡುಗೊರೆಯಾಗಿ ಪಡೆಯುವಂತಿಲ್ಲ. ಇಲಾಖೆಗೆ ತಿಳಿಸದೆ ಬೆಂಗಳೂರಿನ ಫ್ಲಾಟಿಗೆ ಸಾಗಿಸುವುದೂ ಬೇಡ. ಅವರಿಂದ ನಿಮಗೆ ಆಗಬೇಕಾದ ದೊಡ್ಡ ಉಪಕಾರವೊಂದಿದೆ. ಎಲ್ಲವನ್ನೂ ಕೆಳಗಿಳಿಸುವ ಮೊದಲು ಒಂದು ಮಧ್ಯಾಹ್ನ ಅವರನ್ನು ಕೂರಿಸಿ, ಒಂದೊಂದೇ ವಸ್ತು ತೋರಿಸಿ, ಮೊಬೈಲಿನಲ್ಲಿ ಅವರ ಮಾತು ಧ್ವನಿಮುದ್ರಿಸಿಕೊಳ್ಳಿ. ಯಾವ ಕಾಡು, ಯಾವ ವರ್ಷ, ಯಾರು ಯಾರು ಇದ್ದರು, ಟ್ರಂಕಿನ ಚರ್ಮ ಎಲ್ಲಿಂದ ಬಂತು, ಪ್ರಮಾಣಪತ್ರ ಮಾಡಿಸುವಾಗ ಅದು ಏಕೆ ಬಿಟ್ಟುಹೋಯಿತು. ಕೊನೆಯ ಪ್ರಶ್ನೆಗೆ ಅವರು ಕೊಡುವ ಉತ್ತರವನ್ನು ಮೊದಲು ವಕೀಲರಿಗೆ ಕೇಳಿಸಿ, ಆಮೇಲೆ ಘೋಷಣೆ ಬರೆಸಿ.